ಅಡುಗೆ ಚಿಕ್ಕಪ್ಪನ ಎದೆಯುರಿ: ಮಾತ್ರೆಯೋ, ಆಪರೇಷನ್ನೋ?

ನಮ್ಮ ಚಿಕ್ಕಪ್ಪ ಮದುವೆಮನೆ ಅಡುಗೆಯವರು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮುನ್ನೂರು ಎಲೆಯಿಂದ ಹಿಡಿದು ಎರಡು ಸಾವಿರ ಎಲೆವರೆಗೂ ಕಂಟ್ರಾಕ್ಟ್ ಹಿಡಿಯುತ್ತಾರೆ. ವಯಸ್ಸು 52, ಎತ್ತರ ಐದು ಅಡಿ ಐದಿಂಚು. ಈ ಕಥೆ ಶುರುವಾದಾಗ ತೂಕ 84 ಕಿಲೋ ಇತ್ತು. ಬಿಪಿ ಇದೆ, ಶುಗರ್ ಇಲ್ಲ. ಎದೆಯುರಿ ಮಾತ್ರ ಹತ್ತು ಹನ್ನೆರಡು ವರ್ಷದಿಂದ ಜೊತೆಗೇ ಇದೆ.

ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಹಾಗಾಗಿ ಅವರ ಚೀಟಿ, ರಿಪೋರ್ಟು ಎಲ್ಲ ಕೊನೆಗೆ ನನ್ನ ಕೈಗೇ ಬರುತ್ತವೆ. ಅವರನ್ನು ಕೇಳಿಕೊಂಡು, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಅಂಗಡಿಗೆ ದಿನಾ ಎಷ್ಟೋ ಜನ ಬಂದು "ಗ್ಯಾಸ್ಟ್ರಿಕ್ ಮಾತ್ರೆ ಒಂದು ಶೀಟ್ ಕೊಡಿ" ಅನ್ನುತ್ತಾರೆ. ಅವರಲ್ಲಿ ಕೆಲವರಿಗೆ ಆ ಮಾತ್ರೆಯೇ ಬೇಡ. ಇನ್ನು ಕೆಲವರಿಗೆ ಅದು ಬೇಕೇ ಬೇಕು, ಆದರೆ ಹೆದರಿ ಬಿಟ್ಟಿರುತ್ತಾರೆ. ಚಿಕ್ಕಪ್ಪ ಎರಡನೇ ಗುಂಪಿನವರು.

ಅವರ ಒಂದು ದಿನ

ಮದುವೆ ಇದ್ದ ದಿನ ಬೆಳಗಿನ ಜಾವ ಮೂರಕ್ಕೆ ಏಳುತ್ತಾರೆ. ಖಾಲಿ ಹೊಟ್ಟೆಗೆ ಗಟ್ಟಿ ಕಾಫಿ. ಆಮೇಲೆ ತಿಂಡಿ ಅಂತ ಕೂತು ತಿನ್ನುವುದಿಲ್ಲ. ಸಾರಿನ ಹುಳಿ ನೋಡು, ಪಲ್ಯದ ಉಪ್ಪು ನೋಡು, ಪಾಯಸದ ಬೆಲ್ಲ ನೋಡು, ಹೀಗೆ ಸೌಟಿನ ತುದಿಯಲ್ಲೇ ಹೊಟ್ಟೆ ತುಂಬುತ್ತದೆ. ಎರಡೂವರೆಗೋ ಮೂರಕ್ಕೋ ಕೊನೆ ಪಂಕ್ತಿ ಎದ್ದ ಮೇಲೆ ಒಂದು ದೊಡ್ಡ ಊಟ. ರಾತ್ರಿ ಆರತಕ್ಷತೆ ಇದ್ದರೆ ಎರಡನೇ ಊಟ ಹನ್ನೊಂದರ ನಂತರ. ಬಾಯಿಗೆ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. ಛತ್ರದ ಉಗ್ರಾಣದಲ್ಲೇ ಜಮಖಾನೆ ಹಾಸಿ ಹನ್ನೊಂದೂವರೆಗೆ ಮಲಗಿಬಿಡುತ್ತಾರೆ.

ಮಲಗಿದ ಒಂದು ಗಂಟೆಗೆ ಎದೆ ಮಧ್ಯೆ ಬೆಂಕಿ. ಗಂಟಲಿಗೆ ಹುಳಿ ನೀರು ಬಂದು ಕೆಮ್ಮು, ಎದ್ದು ಕೂರುವುದು. ಬೆಳಿಗ್ಗೆ ಧ್ವನಿ ಕಟ್ಟಿರುತ್ತದೆ. ಇನ್ನೊಂದು ತೊಂದರೆ ಕೆಲಸದ್ದೇ: ನೆಲದ ಒಲೆ ಮೇಲಿನ ಕಡಾಯಿಗೆ ಬಗ್ಗಿದರೆ, ಅನ್ನ ಬಸಿಯೋಕೆ ಕೊಳಗ ಎತ್ತಿದರೆ, ತಿಂದಿದ್ದು ಬಾಯಿಗೇ ಬರುತ್ತದೆ.

ಮನೆಯಲ್ಲಿ ಎಲ್ಲರೂ ದೂರುತ್ತಿದ್ದದ್ದು ಖಾರವನ್ನು. ಚಿಕ್ಕಮ್ಮ ಸಾರಿಗೆ ಮೆಣಸಿನಪುಡಿ ಹಾಕುವುದನ್ನೇ ಬಿಟ್ಟರು. ಏನೂ ವ್ಯತ್ಯಾಸ ಆಗಲಿಲ್ಲ. ಖಾರ, ಹುಳಿ, ಕಾಫಿ ಕೆಲವರಿಗೆ ನಿಜಕ್ಕೂ ಆಗುವುದಿಲ್ಲ, ಆದರೆ ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಚಿಕ್ಕಪ್ಪನ ವಿಷಯದಲ್ಲಿ ದೊಡ್ಡ ಕಾರಣಗಳು ಬೇರೆ ಇದ್ದವು: ತಡರಾತ್ರಿ ಹೊಟ್ಟೆ ಬಿರಿಯ ಊಟ, ಉಂಡ ಕೂಡಲೇ ಮಲಗುವುದು, ಬೊಜ್ಜು, ಹೊಗೆಸೊಪ್ಪು. ಅನ್ನನಾಳ ಜಠರಕ್ಕೆ ಸೇರುವ ಕಡೆ ಒಂದು ಬಿಗಿಯಾದ ಸ್ನಾಯು ಇರುತ್ತದೆ. ಅದು ಬೇಡದ ಹೊತ್ತಿನಲ್ಲಿ ಸಡಿಲ ಆದಾಗ ಆಮ್ಲ ಮೇಲೆ ಬರುತ್ತದೆ. ಜಠರ ತುಂಬಿ ಹಿಗ್ಗಿದಷ್ಟೂ ಆ ಸ್ನಾಯು ಜಾಸ್ತಿ ಸಡಿಲ ಆಗುತ್ತದೆ. ಹೊಟ್ಟೆಯ ಬೊಜ್ಜು ಕೆಳಗಿಂದ ಒತ್ತುತ್ತದೆ. ನಿಕೋಟಿನ್ ಆ ಸ್ನಾಯುವಿನ ಬಿಗಿ ತಗ್ಗಿಸುತ್ತದೆ.

ಮಾತ್ರೆ ಇತ್ತು, ಹೊತ್ತು ಇರಲಿಲ್ಲ

ಮೊದಲ ಕೆಲವು ವರ್ಷ ಈನೋ, ಜೆಲುಸಿಲ್, ಜೀರಿಗೆ ಕಷಾಯ. ಆಮೇಲೆ ರ‍್ಯಾನಿಟಿಡಿನ್. ಅದರಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿತು ಅಂತ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಲ್ಲಿನ ಮಾರುಕಟ್ಟೆಯಿಂದ ವಾಪಸ್ ತೆಗೆಸಿತು. ಆ ಸುದ್ದಿ ಕೇಳಿ ಚಿಕ್ಕಪ್ಪ ಬೇರೆ ಮಾತ್ರೆಗೆ ಹೋದರು. ಯಾರೋ ಹೇಳಿದರು ಅಂತ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಜೊತೆ ಡೊಂಪೆರಿಡೋನ್ 30 ಮಿಲಿಗ್ರಾಂ ಸೇರಿದ ಕ್ಯಾಪ್ಸೂಲ್. ನಮ್ಮ ಕಡೆ ಯಾವ ಮೆಡಿಕಲ್ ಶಾಪ್‌ಗೆ ಹೋದರೂ ಸಿಗುವ, ಎಲ್ಲರ ಮನೆಯಲ್ಲೂ ಇರುವ ಕ್ಯಾಪ್ಸೂಲ್ ಅದು. ಊರೂರಿಗೆ ಹೋಗುವ ಕೆಲಸ, ಹೋದಲ್ಲೇ ಒಂದು ಶೀಟ್ ಕೊಳ್ಳುವುದು.

ನುಂಗುತ್ತಿದ್ದದ್ದು ಯಾವಾಗ ಅಂದರೆ, ರಾತ್ರಿ ಉರಿ ಎದ್ದ ಮೇಲೆ. ಇಲ್ಲವೇ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇಡೀ ಪ್ರಕರಣ ಇದರ ಮೇಲೆ ನಿಂತಿದೆ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪುಗಳಿವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ ಹಿಡಿದು ನಿಲ್ಲಿಸುತ್ತವೆ. ಪಂಪುಗಳು ಚುರುಕಾಗುವುದು ಊಟ ಮಾಡಿದಾಗ. ಮಾತ್ರೆ ರಕ್ತದಲ್ಲಿ ಉಳಿಯುವುದು ಒಂದೆರಡು ಗಂಟೆ ಅಷ್ಟೇ. ಹಾಗಾಗಿ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಿದರೆ, ಊಟದ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಉಂಡು ಮಲಗುವಾಗ ನುಂಗಿದರೆ ಅದರ ಶಕ್ತಿ ಬಹುಪಾಲು ವ್ಯರ್ಥ. ಉರಿ ಎದ್ದ ಮೇಲೆ ತಗೊಂಡರೆ ಆ ಕ್ಷಣಕ್ಕಂತೂ ಏನೂ ಆಗುವುದಿಲ್ಲ.

ಡೊಂಪೆರಿಡೋನ್ ವಿಷಯ ಇನ್ನೊಂದು. ಇದು ಹೃದಯದ ಬಡಿತದ ಲಯ ಕೆಡಿಸಬಹುದು ಅಂತ 2014ರಲ್ಲೇ ಯುರೋಪಿನ ಔಷಧ ಸಂಸ್ಥೆ ಎಚ್ಚರಿಸಿದೆ. ವಾಂತಿ, ವಾಕರಿಕೆಗೆ ಮಾತ್ರ ಬಳಸಿ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಅಂದಿದೆ. ಚಿಕ್ಕಪ್ಪ ಅದನ್ನು ವರ್ಷಗಟ್ಟಲೆ ನುಂಗಿದ್ದರು. ಎದೆಯುರಿಗೆ ದಿನಾ ಮಾತ್ರೆ ಬೇಕಾದವರು ಪ್ಯಾಂಟೊಪ್ರಜೋಲ್ ಒಂದನ್ನೇ ತಗೊಳ್ಳಬಹುದಾ ಅಂತ ತಮ್ಮ ಡಾಕ್ಟರನ್ನು ದಯವಿಟ್ಟು ಕೇಳಿ. ಜನೌಷಧಿ ಅಂಗಡಿಯಲ್ಲಿ ಅದು ತುಂಬಾ ಅಗ್ಗಕ್ಕೂ ಸಿಗುತ್ತದೆ.

ವಾಟ್ಸಾಪ್ ನೋಡಿ ನಿಲ್ಲಿಸಿದ್ದು

ಹೋದ ವರ್ಷ ಬಂಧುಗಳ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಗ್ಯಾಸ್ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ಮೂಳೆ ಸವೆಯುತ್ತದೆ, ಮರೆವು ಬರುತ್ತದೆ ಅಂತ. ಚಿಕ್ಕಪ್ಪ ಅವತ್ತೇ ನಿಲ್ಲಿಸಿದರು. ನಾಲ್ಕೈದು ದಿನಕ್ಕೆ ಉರಿ ಮೊದಲಿಗಿಂತ ಜೋರಾಗಿ ಬಂತು. "ನೋಡಿದ್ಯಾ, ಮಾತ್ರೆ ಒಳಗೇ ಚಟ ಹತ್ತಿಸಿಬಿಟ್ಟಿದೆ" ಅಂದರು.

ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಈ ಮಾತ್ರೆಗಳನ್ನು ಕೆಲವು ವಾರ ತಗೊಂಡು ಥಟ್ಟನೆ ಬಿಟ್ಟರೆ ಜಠರ ಸ್ವಲ್ಪ ಕಾಲ ಜಾಸ್ತಿ ಆಮ್ಲ ಸುರಿಸುತ್ತದೆ. 2009ರಲ್ಲಿ ಪ್ರಕಟವಾದ ಒಂದು ಡೆನ್ಮಾರ್ಕ್ ಅಧ್ಯಯನದಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ಆರಿಸಿಕೊಂಡಿದ್ದರು. ಒಂದು ಗುಂಪಿಗೆ 8 ವಾರ ಇದೇ ಜಾತಿಯ ಎಸೊಮೆಪ್ರಜೋಲ್, ಇನ್ನೊಂದಕ್ಕೆ ಸುಳ್ಳು ಮಾತ್ರೆ. ನಿಲ್ಲಿಸಿದ ಮೇಲೆ ಮಾತ್ರೆ ತಿಂದವರಲ್ಲಿ ಶೇ 44 ಜನಕ್ಕೆ ಆಮ್ಲದ ತೊಂದರೆ ಕಾಣಿಸಿತು. ಸುಳ್ಳು ಮಾತ್ರೆಯವರಲ್ಲಿ ಶೇ 15. ಇದು ತಾತ್ಕಾಲಿಕ. ಬಿಡಬಹುದಾದವರು ಡೋಸ್ ನಿಧಾನವಾಗಿ ಇಳಿಸಿ, ನಡುವೆ ಆಂಟಾಸಿಡ್ ಆಸರೆಯಲ್ಲಿ ಈ ದಿನಗಳನ್ನು ದಾಟಬಹುದು.

ಆದರೆ ಚಿಕ್ಕಪ್ಪನ ಉರಿ ಇಳಿಯಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಚಪಾತಿ ತುತ್ತು ಎದೆ ನಡುವೆ ನಿಂತುಬಿಟ್ಟಿತು. ನೀರು ಕುಡಿದರೂ ಇಳಿಯದು. ಒಂದು ರಾತ್ರಿ ಎದೆನೋವು ಅಂತ ಹೆದರಿ ಇಸಿಜಿ ಮಾಡಿಸಿದ್ದೂ ಆಯಿತು. ಹೃದಯ ಸರಿಯಿತ್ತು. (ಹಾಗೆ ಹೋಗಿದ್ದು ಒಳ್ಳೆಯದೇ. ಎದೆನೋವು ಬಂದಾಗ ಗ್ಯಾಸ್ ಇರಬಹುದು ಅಂತ ಮನೆಯಲ್ಲಿ ಸೋಡಾ ಕುಡಿದು ಕೂರಬಾರದು. ಇಸಿಜಿ ಮೊದಲು.) ನುಂಗಲು ಕಷ್ಟ, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ, ರಕ್ತಹೀನತೆ: ಇವುಗಳಲ್ಲಿ ಒಂದಿದ್ದರೂ ಮಾತ್ರೆ ಬದಲಿಸುತ್ತಾ ಕಾಲ ಕಳೆಯಬಾರದು. ಬಾಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿ ನೋಡುವ ಎಂಡೋಸ್ಕೋಪಿ ಆಗಬೇಕು.

ಎಂಡೋಸ್ಕೋಪಿ ರಿಪೋರ್ಟಿನಲ್ಲಿ ಎರಡು ವಿಷಯ ಇದ್ದವು. ಒಂದು, ಅನ್ನನಾಳದ ಕೆಳತುದಿಯಲ್ಲಿ ಲಾಸ್ ಏಂಜಲೀಸ್ ದರ್ಜೆ ಸಿ ಹುಣ್ಣು. ಈ ಲೆಕ್ಕದಲ್ಲಿ ಎ ಅಂದರೆ 5 ಮಿಲಿಮೀಟರ್ ದಾಟದ ಗೀರು. ಬಿ ಅಂದರೆ ಅದಕ್ಕಿಂತ ಉದ್ದ. ಸಿ ಅಂದರೆ ಗೀರುಗಳು ಒಳಪದರದ ಒಂದು ಮಡಿಕೆಯಿಂದ ಇನ್ನೊಂದಕ್ಕೆ ಕೂಡಿಕೊಂಡಿವೆ, ಆದರೆ ಸುತ್ತಳತೆಯ ಮುಕ್ಕಾಲು ಭಾಗ ಮುಟ್ಟಿಲ್ಲ. ಮುಟ್ಟಿದರೆ ಡಿ. ಎರಡನೆಯದು, 3 ಸೆಂಟಿಮೀಟರ್ ಹಯಾಟಸ್ ಹರ್ನಿಯಾ, ಅಂದರೆ ಜಠರದ ಮೇಲ್ಭಾಗ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕಿಂಡಿ ದಾಟಿ ಎದೆಗೂಡಿನೊಳಗೆ ಜಾರಿದೆ. ಬಯಾಪ್ಸಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಈ ಸಿ ಅನ್ನೋ ಒಂದು ಅಕ್ಷರ ಎಲ್ಲ ಲೆಕ್ಕ ಬದಲಿಸಿತು. ಹುಣ್ಣಿಲ್ಲದ, ಅಪಾಯದ ಲಕ್ಷಣ ಇಲ್ಲದ ಎದೆಯುರಿಗೆ 8 ವಾರ ಮಾತ್ರೆ ಕೊಟ್ಟು, ಗುಣ ಕಂಡರೆ ನಿಲ್ಲಿಸಿ ನೋಡುವುದು ವಾಡಿಕೆ. ಸಿ, ಡಿ ದರ್ಜೆಯವರಿಗೆ ಹಾಗಲ್ಲ. ಮಾತ್ರೆ ಬಿಟ್ಟರೆ ಹುಣ್ಣು ಬಹುಮಟ್ಟಿಗೆ ಮರಳುತ್ತದೆ. ಅವರ ಮುಂದೆ ಇರುವುದು ಎರಡೇ ದಾರಿ: ಸಾಕಾಗುವಷ್ಟು ಕಡಿಮೆ ಡೋಸಿನಲ್ಲಿ ಮಾತ್ರೆ ಮುಂದುವರಿಸುವುದು, ಇಲ್ಲವೇ ಆಪರೇಷನ್.

ಬೇಳೆ ಇಟ್ಟಾಗ ಮಾತ್ರೆ

ಹೊಟ್ಟೆ ತಜ್ಞರು ಪ್ಯಾಂಟೊಪ್ರಜೋಲ್ 40 ದಿನಕ್ಕೆರಡು ಸಲ ಬರೆದರು, ಊಟಕ್ಕೆ ಮುಂಚೆ. ಊಟದ ಹೊತ್ತೇ ಗೊತ್ತಿಲ್ಲದ ಮನುಷ್ಯನಿಗೆ ಊಟಕ್ಕೆ ಮುಂಚೆ ಅಂದರೆ ಯಾವಾಗ? ಗಡಿಯಾರದ ಲೆಕ್ಕ ಇವರಿಗೆ ಹಿಡಿಸುವುದಿಲ್ಲ. ದಾರಿ ಕಂಡುಕೊಂಡದ್ದು ಚಿಕ್ಕಪ್ಪನೇ. "ತೊಗರಿಬೇಳೆ ಒಲೆ ಮೇಲೆ ಇಟ್ಟಾಗ ನುಂಗ್ತೀನಿ ಕಣೇ. ಬೇಳೆ ಬೆಂದ ಮೇಲೆ ತಿಂತೀನಿ." ದೊಡ್ಡ ಕೊಳಗದಲ್ಲಿ ಬೇಳೆ ನುಣ್ಣಗೆ ಬೇಯಲು ಮುಕ್ಕಾಲು ಗಂಟೆ ಬೇಕು. ಅಷ್ಟೇ ಹೊತ್ತು ಮಾತ್ರೆಗೂ ಬೇಕು. ಬೇಳೆ ಇಳಿಸಿ ನಾಲ್ಕು ಇಡ್ಲಿ, ಕೂತು ತಿನ್ನುವುದು. ಸಂಜೆಯೂ ಹಾಗೆಯೇ, ಏಳೂವರೆಗೆ, ಬಡಿಸುವ ಮೊದಲೇ ಊಟ. ನೆಂಟರಿಗೆ ಬಡಿಸುವ ಮುಂಚೆ ಅಡುಗೆಯವರು ಉಣ್ಣುವುದು ಅವರಿಗೆ ಒಗ್ಗದ ಮಾತು. ದೇವರ ನೈವೇದ್ಯ ಆದ ಮೇಲೆ ತಾನೇ ಅಂತ ಚಿಕ್ಕಮ್ಮ ಒಪ್ಪಿಸಿದರು.

ಬಿಪಿಗೆ ತಗೊಳ್ಳುತ್ತಿದ್ದ ಆಮ್ಲೊಡಿಪಿನ್ ಕೂಡ ಅನ್ನನಾಳದ ಆ ಸ್ನಾಯುವನ್ನು ಸಡಿಲಿಸಬಲ್ಲದು. ಡಾಕ್ಟರು ಅದನ್ನು ಟೆಲ್ಮಿಸಾರ್ಟಾನ್‌ಗೆ ಬದಲಿಸಿದರು. ಸೊಂಟನೋವಿಗೆ ಆಗಾಗ ನುಂಗುತ್ತಿದ್ದ ನೋವಿನ ಮಾತ್ರೆ ನಿಂತಿತು. ಹೊಗೆಸೊಪ್ಪು ಬಿಡಲು ಬಹಳ ಒದ್ದಾಡಿದರು, ಕೊನೆಗೆ ಬಿಟ್ಟರು. ಮನೆ ಮಂಚದ ತಲೆ ಕಡೆಯ ಕಾಲುಗಳಿಗೆ ಒಂದು ಗೇಣು ಎತ್ತರದ ಮರದ ದಿಮ್ಮಿ ಬಂತು. ಎರಡು ದಿಂಬು ಇಟ್ಟರೆ ಆಗುವುದಿಲ್ಲ, ಸೊಂಟದ ಹತ್ತಿರ ಮಡಚಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ. ಛತ್ರದಲ್ಲಿ ಮಂಚ ಎಲ್ಲಿ ಬರಬೇಕು? ಅಲ್ಲಿ ಎಡ ಮಗ್ಗುಲಿಗೆ ಮಲಗುತ್ತಾರೆ. ಆಗ ಜಠರ ಅನ್ನನಾಳಕ್ಕಿಂತ ಕೆಳಗೆ ಉಳಿಯುತ್ತದೆ. ಮಲಗುವ ಮುಂಚೆ ಅಲ್ಜಿನೇಟ್ ಸಿರಪ್, ಅದು ಜಠರದ ಆಹಾರದ ಮೇಲೆ ನೊರೆಯ ಪದರ ಕಟ್ಟಿ ತೇಲುತ್ತದೆ.

ನಾಲ್ಕು ತಿಂಗಳಲ್ಲಿ ತೂಕ 77 ಕಿಲೋಗೆ ಇಳಿಯಿತು. ಎರಡನೇ ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯ್ದಿತ್ತು. ಬ್ಯಾರೆಟ್ಸ್ ಬದಲಾವಣೆ, ಅಂದರೆ ಮುಂದೆ ಕ್ಯಾನ್ಸರ್‌ಗೆ ದಾರಿ ಮಾಡಬಹುದಾದ ಒಳಪದರ, ಇರಲಿಲ್ಲ. ಸಿ ದರ್ಜೆಯವರಿಗೆ ಈ ಎರಡನೇ ಪರೀಕ್ಷೆ ಮುಖ್ಯ. ಹುಣ್ಣು ಹಸಿಯಿದ್ದಾಗ ಬ್ಯಾರೆಟ್ಸ್ ಅದರಡಿ ಮುಚ್ಚಿಹೋಗಿರಬಹುದು.

ಉರಿ ಹೋಯಿತು. ಆದರೆ ಬಗ್ಗಿದಾಗ ತಿಂದದ್ದು ಬಾಯಿಗೆ ಬರುವುದು ಪೂರ್ತಿ ಹೋಗಲಿಲ್ಲ. ಅದಕ್ಕೆ ಕಾರಣ ಇದೆ. ಮಾತ್ರೆ ಆಮ್ಲ ಕಡಿಮೆ ಮಾಡುತ್ತದೆ, ಸಡಿಲವಾದ ಬಾಗಿಲನ್ನು ಮುಚ್ಚುವುದಿಲ್ಲ. ಮೇಲೆ ಬರುವುದು ಬರುತ್ತಲೇ ಇರುತ್ತದೆ, ಹುಳಿ ಇಲ್ಲದೆ. ಆಪರೇಷನ್ ಮಾತು ಬಂದದ್ದು ಇಲ್ಲಿ.

ತೂಗಿ ನೋಡಿದ್ದು

ಫಂಡೊಪ್ಲಿಕೇಷನ್ ಅನ್ನುತ್ತಾರೆ ಈ ಆಪರೇಷನ್‌ಗೆ. ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ, ಕೊರಳಿಗೆ ಮಫ್ಲರ್ ಸುತ್ತಿದ ಹಾಗೆ, ಸುತ್ತಿ ಹೊಲಿಯುತ್ತಾರೆ. ಜಾರಿದ ಜಠರ ಕೆಳಗೆಳೆದು ವಪೆಯ ಕಿಂಡಿಯನ್ನೂ ಬಿಗಿಮಾಡುತ್ತಾರೆ. ರುಡಾಲ್ಫ್ ನಿಸ್ಸೆನ್ ಇದನ್ನು 1956ರಲ್ಲಿ ಪ್ರಕಟಿಸಿದರು. 1991ರಿಂದ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ನಡೆಯುತ್ತಿದೆ. ಪೂರ್ತಿ ಸುತ್ತು ನಿಸ್ಸೆನ್, 270 ಡಿಗ್ರಿ ಸುತ್ತು ಟುಪೆ.

ಮುಂಚೆ ಮ್ಯಾನೊಮೆಟ್ರಿ ಆಗಬೇಕು ಅಂದರು ಸರ್ಜನ್. ಮೂಗಿನಿಂದ ತೆಳು ಟ್ಯೂಬ್ ಇಳಿಸಿ, ಗುಟುಕು ಗುಟುಕಾಗಿ ನೀರು ನುಂಗಿಸಿ, ಅನ್ನನಾಳ ಸರಿಯಾಗಿ ತಳ್ಳುತ್ತಿದೆಯಾ ಅಂತ ಅಳೆಯುವುದು. ತಳ್ಳುವ ಶಕ್ತಿಯೇ ಇಲ್ಲದವರಿಗೆ ಬಿಗಿಯಾಗಿ ಸುತ್ತಿದರೆ ಅನ್ನ ಇಳಿಯದು. ಚಿಕ್ಕಪ್ಪನದು ಸ್ವಲ್ಪ ದುರ್ಬಲ ಅಂತ ಬಂತು. ಟುಪೆ ಮಾಡಬಹುದು ಅಂದರು. ಖರ್ಚಿನ ಅಂದಾಜು ಒಂದೂಮುಕ್ಕಾಲು ಲಕ್ಷ.

ಚಿಕ್ಕಮ್ಮನ ವಾದ ನೇರ: "ದಿನಾ ಮಾತ್ರೆ ಯಾಕೆ? ಒಂದ್ಸಲ ಮಾಡಿಸಿ ಮುಗಿಸಿಬಿಡಿ." ಇದಕ್ಕೆ ನಾನು ಅವರ ಮುಂದಿಟ್ಟದ್ದು ಸ್ವೀಡನ್ನಿನ ಲೆಕ್ಕ. 2017ರಲ್ಲಿ ಬಂದದ್ದು. ಲ್ಯಾಪರೊಸ್ಕೋಪಿಯಲ್ಲಿ ಈ ಆಪರೇಷನ್ ಆದ 2,655 ಜನರಲ್ಲಿ ಶೇ 17.7 ಮಂದಿಗೆ ತೊಂದರೆ ಮರಳಿತು. ಹಾಗೆ ಮರಳಿದವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆಗೆ ಹೋದರು, ಕೆಲವರಿಗೆ ಎರಡನೇ ಆಪರೇಷನ್ ಆಯಿತು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನಕ್ಕೆ ಮರಳಲಿಲ್ಲ ಅನ್ನುವುದೂ ಅದೇ ಲೆಕ್ಕ. ಯುರೋಪಿನ ಲೋಟಸ್ ಅಧ್ಯಯನದಲ್ಲಿ 5 ವರ್ಷದ ಕೊನೆಗೆ ಎಸೊಮೆಪ್ರಜೋಲ್ ತಗೊಂಡವರಲ್ಲಿ ಶೇ 92, ಆಪರೇಷನ್ ಆದವರಲ್ಲಿ ಶೇ 85 ಮಂದಿಯ ತೊಂದರೆ ಹಿಡಿತದಲ್ಲಿತ್ತು. ಆದರೆ ತಿಂದದ್ದು ಬಾಯಿಗೆ ಬರುವ ತೊಂದರೆ ಆಪರೇಷನ್ ಆದವರಲ್ಲೇ ಕಡಿಮೆ ಇತ್ತು. ಅವರಿಗೆ ಹೊಟ್ಟೆ ಉಬ್ಬರ, ನುಂಗುವ ಕಷ್ಟ ಜಾಸ್ತಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 2019ರ ಒಂದು ಅಮೆರಿಕನ್ ಅಧ್ಯಯನ. ಮಾತ್ರೆಗೆ ಬಗ್ಗದ ಎದೆಯುರಿ ಅಂತ ಕಳುಹಿಸಿದ್ದ 366 ನಿವೃತ್ತ ಸೈನಿಕರಿಗೆ ಮೊದಲು ಒಮೆಪ್ರಜೋಲನ್ನು ಸರಿಯಾದ ಹೊತ್ತಿಗೆ, ದಿನಕ್ಕೆರಡು ಸಲ ಕೊಟ್ಟು ನೋಡಿದರು. ಅಷ್ಟರಲ್ಲೇ 42 ಜನರ ಉರಿ ಇಳಿದುಹೋಯಿತು. 99 ಜನರದ್ದು ಆಮ್ಲದ ಉರಿಯೇ ಅಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಕೊನೆಗೆ ಅಧ್ಯಯನಕ್ಕೆ ಉಳಿದವರು 78. ಆ 78 ಜನರಲ್ಲಿ ಆಪರೇಷನ್ನೇ ಗೆದ್ದಿತು: ಶೇ 67 ಜನಕ್ಕೆ ಗುಣ. ಔಷಧಿಯ ಗುಂಪಿನಲ್ಲಿ ಶೇ 28. ಅಂದರೆ ಸರಿಯಾಗಿ ಆರಿಸಿದವರಿಗೆ ಆಪರೇಷನ್ ದೊಡ್ಡ ಉಪಕಾರ ಮಾಡುತ್ತದೆ. ಆರಿಸುವುದೇ ಕಷ್ಟದ ಕೆಲಸ.

ಇನ್ನು ಮಾತ್ರೆಯ ಭಯ. 17,598 ಜನರ ಮೇಲೆ ಪ್ಯಾಂಟೊಪ್ರಜೋಲ್ 40ನ್ನು ಸುಳ್ಳು ಮಾತ್ರೆ ಜೊತೆ ಹೋಲಿಸಿ ಸುಮಾರು 3 ವರ್ಷ ನೋಡಿದ ಅಧ್ಯಯನ ಇದೆ. ಕಿಡ್ನಿ, ಮೂಳೆ ಮುರಿತ, ಮರೆವು ಯಾವುದರಲ್ಲೂ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಜಾಸ್ತಿ ಆದದ್ದು ಕರುಳಿನ ಸೋಂಕು, ಶೇ 1.0 ಇದ್ದದ್ದು 1.4. ಮೂರು ವರ್ಷ ಅಂದರೆ ಇಪ್ಪತ್ತು ವರ್ಷ ಅಲ್ಲ, ಅದೂ ನಿಜ. ಅದಕ್ಕೇ ವರ್ಷಕ್ಕೊಮ್ಮೆ ರಕ್ತದಲ್ಲಿ ಬಿ12, ಮೆಗ್ನೀಸಿಯಂ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ನೋಡಿಸುತ್ತೇವೆ. ಚಿಕ್ಕಪ್ಪ ಸಸ್ಯಾಹಾರಿ, ಬಿ12 ಮೊದಲೇ ಕಡಿಮೆ.

ವೊನೊಪ್ರಜಾನ್ ಬಗ್ಗೆಯೂ ಯೋಚಿಸಿದೆವು. ಆಮ್ಲ ತಗ್ಗಿಸುವ ಹೊಸ ಜಾತಿಯ ಔಷಧಿ, ಜಪಾನಿನಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು, ಈಗ ಇಲ್ಲೂ ಸಿಗುತ್ತದೆ. ಊಟಕ್ಕೆ ಮುಂಚೆಯೇ ತಗೊಳ್ಳಬೇಕು ಅಂತ ಇಲ್ಲ. ಸಿ, ಡಿ ದರ್ಜೆ ಹುಣ್ಣನ್ನು 2 ವಾರದಲ್ಲಿ ಶೇ 70ರಷ್ಟು ಜನಕ್ಕೆ ಮಾಯಿಸಿತು, ಅದೇ ಅಧ್ಯಯನದಲ್ಲಿ ಪ್ಯಾಂಟೊಪ್ರಜೋಲ್ ಜಾತಿಯ ಲ್ಯಾನ್ಸೊಪ್ರಜೋಲ್ ಶೇ 53. ಅಡುಗೆಯವರ ದಿನಚರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬೆಲೆ ಜಾಸ್ತಿ, ದೀರ್ಘಕಾಲ ಬಳಸಿದ ಅನುಭವ ಕಡಿಮೆ. ಪ್ಯಾಂಟೊಪ್ರಜೋಲ್ ಕೈಕೊಟ್ಟರೆ ಇದು ಅಂತ ಡಾಕ್ಟರೂ ಅಂದರು.

ಕೊನೆಗೆ ತೀರ್ಮಾನ ಮಾಡಿದ್ದು ಕಸುಬು. ಆಪರೇಷನ್ ಆದ ಮೇಲೆ ಕೆಲವು ವಾರ ಮೆತ್ತನೆಯ ಆಹಾರ. ಸುಮಾರು ಒಂದೂವರೆ ತಿಂಗಳು ಭಾರ ಎತ್ತುವಂತಿಲ್ಲ. ತೇಗು, ವಾಂತಿ ಸಲೀಸಾಗಿ ಬರುವುದಿಲ್ಲ. ದಿನವಿಡೀ ರುಚಿ ನೋಡುವ, ಕೊಳಗ ಎತ್ತುವ ಮನುಷ್ಯ ಅವರು. "ಉಬ್ಬಿದ ಹೊಟ್ಟೆ ಇಟ್ಕೊಂಡು ಸಾರಿನ ಹದ ಹೇಗೆ ನೋಡ್ಲಿ?" ಅಂತ ಕೇಳಿದರು. ಅದು ಸಣ್ಣ ಪ್ರಶ್ನೆ ಅಲ್ಲ. ಜೊತೆಗೆ, ಔಷಧಿ ಸರಿಯಾಗಿ ನಡೆದದ್ದು ಈ ನಾಲ್ಕು ತಿಂಗಳು ಮಾತ್ರ. ಬಾಯಿಗೆ ಬರುವುದೂ ದಿನಾ ಇದ್ದದ್ದು ಈಗ ಹೊಟ್ಟೆ ತುಂಬಿ ಬಗ್ಗಿದಾಗ ಮಾತ್ರ. ಸದ್ಯಕ್ಕೆ ಬೇಡ ಅಂತ ಚಿಕ್ಕಪ್ಪ ಹೇಳಿದರು. ನನಗೂ ಸರಿ ಅನಿಸಿತು. ಆ ಇಳಿಕೆ ಕಾಣದೇ ಇದ್ದಿದ್ದರೆ ನಾನು ಚಿಕ್ಕಮ್ಮನ ಪಕ್ಷ ಹಿಡಿಯುತ್ತಿದ್ದೆ.

ಈಗ ರಾತ್ರಿ ಊಟಕ್ಕೆ ಮುಂಚೆ ಒಂದೇ 40. ಇಪ್ಪತ್ತಕ್ಕೆ ಇಳಿಸಿ ನೋಡಿದೆವು, ವೈಶಾಖದ ಮದುವೆ ಭರಾಟೆಯಲ್ಲಿ ಉರಿ ಮರಳಿತು. ಮತ್ತೆ 40ಕ್ಕೆ ಹೋದರು. ನೆಲದ ಒಲೆ ಬದಲು ಮೊಣಕಾಲೆತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದಾರೆ, ಬಗ್ಗುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ಆಷಾಢದಲ್ಲಿ ಮದುವೆ ಇಲ್ಲ, ಆಗ ಸರ್ಜನ್ ಹತ್ತಿರ ಇನ್ನೊಮ್ಮೆ ಹೋಗುವುದಿದೆ. ಯಾವಾಗ ಆಪರೇಷನ್‌ಗೆ ಹೂಂ ಅನ್ನಬೇಕು ಅನ್ನುವುದನ್ನು ಈಗಲೇ ಮಾತಾಡಿಕೊಂಡಿದ್ದೇವೆ: ಮಾತ್ರೆ ಸರಿಯಾಗಿ ನಡೆಯುವಾಗಲೂ ಹುಣ್ಣು ಮರಳಿದರೆ, ಇಲ್ಲವೇ ರಾತ್ರಿ ಗಂಟಲಿಗೆ ಬಂದು ಕೆಮ್ಮಿ ಏಳುವುದು ಮತ್ತೆ ಶುರುವಾದರೆ. ಸರ್ಜನ್‌ಗೆ ಕೇಳಲು ಚಿಕ್ಕಪ್ಪ ಎರಡು ಪ್ರಶ್ನೆ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಭಾರ ಎತ್ತುವ ಕೆಲಸದವರಲ್ಲಿ ಹೊಲಿಗೆ ಎಷ್ಟು ವರ್ಷ ನಿಂತದ್ದು ನೋಡಿದ್ದೀರಿ?